ಗಿಡದಿಂದ ಬಂದ ಮಾತ್ರಕ್ಕೆ ನಿರಪಾಯವೇ?

ಮಳೆಗಾಲ ಹಿಡಿದರೆ ಮಲೆನಾಡಿನ ತೋಟಗಳಲ್ಲಿ ಅಡಿಕೆ ಗೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಯುವ ಕೆಲಸ. ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣದ ಈ ಮದ್ದನ್ನು ಶತಮಾನದ ಹಿಂದೆ ಬಳಕೆಗೆ ತಂದವರು ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್. ಅದು ಬೆಳೆ ಉಳಿಸಿದ್ದು ನಿಜ. ಆದರೆ ಮೈಲುತುತ್ತದಲ್ಲಿರುವ ತಾಮ್ರ ಮೂಲಧಾತು, ಕೊಳೆತು ಇಲ್ಲವಾಗುವುದಿಲ್ಲ. ವರ್ಷ ವರ್ಷವೂ ಮೇಲ್ಮಣ್ಣಿನಲ್ಲಿ ಕೂಡಿಕೊಂಡು, ಮಿತಿ ಮೀರಿದರೆ ಎರೆಹುಳುಗಳಿಗೂ ಸೂಕ್ಷ್ಮಜೀವಿಗಳಿಗೂ ಕುತ್ತಾಗುತ್ತದೆ. ಐರೋಪ್ಯ ಒಕ್ಕೂಟ 7 ವರ್ಷಗಳಲ್ಲಿ ಹೆಕ್ಟೇರಿಗೆ 28 ಕಿಲೋ ತಾಮ್ರದ ಮಿತಿ ಹಾಕಿರುವುದು ಈ ಕಾರಣಕ್ಕೇ.

ಹಾಗಾಗಿಯೇ ಸಸ್ಯಜನ್ಯ ಶಿಲೀಂಧ್ರನಾಶಕಗಳತ್ತ ಆಸೆಯ ಕಣ್ಣು. ಬೇವಿನೆಣ್ಣೆ ಎಲೆಯ ಮೇಲೆ ಪದರವಾಗಿ ನಿಂತು ಬೂದಿ ರೋಗದ ಬೀಜಕಣ ಮೊಳೆಯದಂತೆ ತಡೆಯುತ್ತದೆ. ನಮ್ಮ ರೈತರಿಗೆ ಹಳೆಯದಾದ ಈ ಗುಣಕ್ಕೆ ಅಮೆರಿಕದ ಡಬ್ಲ್ಯು.ಆರ್. ಗ್ರೇಸ್ ಕಂಪನಿಯೂ ಅಲ್ಲಿನ ಕೃಷಿ ಇಲಾಖೆಯೂ 1994ರಲ್ಲಿ ಯುರೋಪಿನಲ್ಲಿ ಪೇಟೆಂಟ್ ಪಡೆದಿದ್ದವು. ಪರಿಸರವಾದಿ ವಂದನಾ ಶಿವ ಮತ್ತಿತರರು ಹೋರಾಡಿದ್ದರಿಂದ 2000ದಲ್ಲಿ ಅದು ರದ್ದಾಯಿತು. 2005ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು.

ಹಕ್ಕು ಉಳಿಯಿತು. ಇನ್ನು ಉಳಿಯಬೇಕಾದದ್ದು ಎಚ್ಚರ. ಬೇವಿನಲ್ಲಿರುವ ಅಜಾಡಿರಾಕ್ಟಿನ್ ಎಂಬ ರಾಸಾಯನಿಕ ಎಲೆಯ ಮೇಲೆ ಒಂದೆರಡು ದಿನಗಳಲ್ಲೇ ಅರ್ಧಕ್ಕಿಳಿಯುತ್ತದೆ. ಮಣ್ಣಿನಲ್ಲಿ ಅದಕ್ಕೆ 3ರಿಂದ 44 ದಿನ ಬೇಕು. ತಾಮ್ರದಂತೆ ಕೂಡಿಕೊಳ್ಳದಿರುವುದೇ ಅದರ ದೊಡ್ಡ ಗುಣ. ಆದರೂ ಬೇವಿನೆಣ್ಣೆ ಮೀನಿಗೆ, ಜಲಚರಗಳಿಗೆ ಸ್ವಲ್ಪ ಮಟ್ಟಿಗೆ ವಿಷ. ಡೆರಿಸ್ ಬೇರಿನಿಂದ ತೆಗೆಯುವ ಕೀಟನಾಶಕ ರೋಟೆನೋನ್ ಅಂತೂ ಮೀನುಗಳನ್ನು ಕೊಲ್ಲಲೆಂದೇ ಬಳಕೆಯಾದ ವಸ್ತು. ತಂಬಾಕಿನ ನಿಕೋಟಿನ್ ಮನುಷ್ಯನಿಗೇ ಘೋರ ವಿಷ. ಇವೆರಡೂ ಅಪ್ಪಟ ಸಸ್ಯಮೂಲದವು. ಹಾಗಾದರೆ ವಸ್ತು ಎಲ್ಲಿಂದ ಬಂತು ಎಂಬುದಕ್ಕಿಂತ, ಹೊಡೆದ ಮೇಲೆ ಎಲ್ಲಿಗೆ ಹೋಗುತ್ತದೆ, ಎಷ್ಟು ದಿನ ಇರುತ್ತದೆ, ದಾರಿಯಲ್ಲಿ ಯಾರಿಗೆ ತಾಗುತ್ತದೆ ಎಂಬುದೇ ಮುಖ್ಯ.

ಇದನ್ನು ತಿಳಿದರೆ ಬಳಕೆಯ ಕ್ರಮವೂ ತಿಳಿಯುತ್ತದೆ. ಬೇವಿನೆಣ್ಣೆಯನ್ನು ಸಂಜೆ ಹೊತ್ತು, ಜೇನ್ನೊಣಗಳು ಗೂಡು ಸೇರಿದ ಮೇಲೆ ಹೊಡೆಯಬೇಕು. ಸುಡುಬಿಸಿಲಿನಲ್ಲಿ ಹೊಡೆದರೆ ಎಲೆ ಕರಕಲಾದೀತು. ಎಣ್ಣೆ ನೀರಿನಲ್ಲಿ ಬೆರೆಯಲು ಸೋಪಿನ ದ್ರಾವಣ ಬೇಕು, ಪ್ರಮಾಣ ಮಾತ್ರ ಡಬ್ಬಿಯ ಮೇಲೆ ಹೇಳಿದಷ್ಟೇ ಇರಲಿ. ಪಂಪು ತೊಳೆದ ನೀರು ಕೆರೆಗಾಗಲಿ ಹಳ್ಳಕ್ಕಾಗಲಿ ಸೇರಬಾರದು. ಮಳೆ ಬಿದ್ದರೆ ತೊಳೆದುಹೋಗುವುದರಿಂದ ಮತ್ತೆ ಹೊಡೆಯಬೇಕಾಗುತ್ತದೆ. ರೋಗ ಬಲಿತ ಮೇಲೆ ಇದರಿಂದ ಪವಾಡ ನಿರೀಕ್ಷಿಸುವಂತಿಲ್ಲ.

ಮಾರುವವರ ಹೊಣೆ ಇನ್ನೂ ದೊಡ್ಡದು. ಡಬ್ಬಿಯ ಮೇಲೆ ‘ಸಾವಯವ’ ಎಂದು ದಪ್ಪಕ್ಷರದಲ್ಲಿ ಬರೆದರೆ ಸಾಲದು. ಒಳಗೇನಿದೆ, ಎಷ್ಟಿದೆ, ಜೇನಿಗೂ ಮೀನಿಗೂ ಎಷ್ಟು ಅಪಾಯ, ಕೊಯ್ಲಿಗೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಎಂಬುದೆಲ್ಲ ಕನ್ನಡದಲ್ಲಿ, ಓದಲು ಬರುವಷ್ಟು ದೊಡ್ಡದಾಗಿ ಇರಬೇಕು. ರೈತರು ಅಂಗಡಿಯಲ್ಲಿ ಇದನ್ನು ಕೇಳಿಯೇ ಕೊಳ್ಳಬೇಕು.