ಡಿ.ಎನ್.ಎ.ಯ ಅಪಪಾಠವೂ ಅದನ್ನು ತಿದ್ದುವ ಕಿಣ್ವವೂ

ಪುಣೆಯಲ್ಲಿ ನೆಲಸಿರುವ ಕನ್ನಡಿಗರಿಗೆ, ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವು 1919 ರಿಂದ 1966 ರವರೆಗೆ ನಡೆಸಿದ ಮಹಾಭಾರತದ ಪರಿಷ್ಕರಣಕಾರ್ಯ ಅಪರಿಚಿತವಲ್ಲ. ಲಿಪಿಕಾರನ ಕೈತಪ್ಪನ್ನು ತಿದ್ದಲು ಸಂಪಾದಕನಿಗೆ ಎರಡು ಆಧಾರಗಳು ಬೇಕು: ಇದು ಅಪಪಾಠವೆಂದು ತಿಳಿಸುವ ಲಕ್ಷಣವೊಂದು, ಶುದ್ಧಪಾಠವನ್ನು ಒದಗಿಸುವ ಬೇರೊಂದು ಪ್ರತಿ. ಜೀವಕೋಶದ ಡಿ.ಎನ್.ಎ.ಯನ್ನು ತಿದ್ದುವ ಕಿಣ್ವಗಳಿಗೂ ಇವೆರಡೇ ಆಧಾರ.

ಡಿ.ಎನ್.ಎ.ಯ ನಾಲ್ಕು ಅಕ್ಷರಗಳು ಅಡೆನಿನ್, ಥೈಮಿನ್, ಗ್ವಾನಿನ್, ಸೈಟೋಸಿನ್. ಎರಡು ಎಳೆಗಳಲ್ಲಿ ಅಡೆನಿನ್ನಿಗೆ ಎದುರಾಗಿ ಥೈಮಿನ್, ಗ್ವಾನಿನ್ನಿಗೆ ಎದುರಾಗಿ ಸೈಟೋಸಿನ್ ಇರುತ್ತವೆ. ಕೋಶದೊಳಗಿನ ನೀರಿನ ಸಂಪರ್ಕದಿಂದಲೇ ಸೈಟೋಸಿನ್ ಆಗಾಗ ತನ್ನ ಅಮೈನೋ ಗುಂಪನ್ನು ಕಳೆದುಕೊಂಡು ಯುರಾಸಿಲ್ ಆಗುತ್ತದೆ. ಮಾನವನ ಒಂದೊಂದು ಕೋಶದಲ್ಲಿಯೂ ದಿನಕ್ಕೆ ನೂರಕ್ಕೆ ಕಡಮೆಯಿಲ್ಲದಂತೆ ಈ ವಿಕಾರ ಸಂಭವಿಸುವುದೆಂದು ಅಂದಾಜು. ಯುರಾಸಿಲ್ ಅಡೆನಿನ್ನೊಡನೆ ಜೋಡಿಯಾಗುವುದರಿಂದ, ತಿದ್ದದೆ ಬಿಟ್ಟರೆ ಮುಂದಿನ ಪ್ರತಿಯಲ್ಲಿ ತಪ್ಪು ಸ್ಥಿರವಾಗುತ್ತದೆ.

ಈ ಯುರಾಸಿಲನ್ನು ಕತ್ತರಿಸಿ ತೆಗೆಯುವ ಕಿಣ್ವವನ್ನು 1974 ರಲ್ಲಿ ಕಂಡುಹಿಡಿದವರು ತೋಮಾಸ್ ಲಿಂಡಾಲ್. ಡಿ.ಎನ್.ಎ. ದುರಸ್ತಿಯ ಅಧ್ಯಯನಕ್ಕಾಗಿ 2015 ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಅವರೂ ಭಾಗಿಗಳಾದರು.

ಕಿಣ್ವವು ತಪ್ಪನ್ನು ಗುರುತಿಸುವ ಬಗೆಯೇ ಇಲ್ಲಿ ವಿಶೇಷ ಗಮನಾರ್ಹವಾದುದು. ಅದು ಎಳೆಯನ್ನು ತುಸು ಬಾಗಿಸಿ, ಯುರಾಸಿಲನ್ನು ಹೊರಕ್ಕೆ ಮಗುಚಿ, ತನ್ನೊಳಗಿನ ಇಕ್ಕಟ್ಟಾದ ಕುಳಿಯೊಂದಕ್ಕೆ ತೆಗೆದುಕೊಳ್ಳುತ್ತದೆ. ಥೈಮಿನ್ ಎಂಬುದು ಮೀಥೈಲ್ ಗುಂಪನ್ನು ಹೊತ್ತ ಯುರಾಸಿಲ್ಲೇ ಸರಿ. ಆದರೆ ಕುಳಿಯಲ್ಲಿರುವ ಟೈರೋಸಿನ್ ಆ ಗುಂಪಿಗೆ ಅಡ್ಡಬರುವುದರಿಂದ ಥೈಮಿನ್ನಿಗೆ ಒಳಗೆ ಎಡೆಯಿಲ್ಲ. ಆಸ್ಪರಜಿನ್ ಎಂಬ ಇನ್ನೊಂದು ಅಮೈನೋ ಆಮ್ಲವು ಯುರಾಸಿಲ್ಲಿನೊಡನೆ ಮಾತ್ರ ಸರಿಯಾಗಿ ಬಂಧಿಸಿಕೊಂಡು ಸೈಟೋಸಿನ್ನನ್ನು ನಿರಾಕರಿಸುತ್ತದೆ. ಡಿ.ಎನ್.ಎ.ಯಲ್ಲಿ ಯುರಾಸಿಲ್ಲಿನ ಬದಲು ಥೈಮಿನ್ ಏಕಿದೆ ಎಂಬ ಪ್ರಶ್ನೆಗೂ ಇಲ್ಲಿ ಉತ್ತರ ದೊರೆಯುತ್ತದೆ. ಯುರಾಸಿಲ್ ಅಲ್ಲಿ ಸಹಜಾಕ್ಷರವಾಗಿದ್ದಲ್ಲಿ, ಸಹಜವಾದುದಾವುದು, ಕೆಟ್ಟ ಸೈಟೋಸಿನ್ನಿನಿಂದ ಹುಟ್ಟಿದುದಾವುದು ಎಂದು ಬೇರ್ಪಡಿಸುವುದು ಸಾಧ್ಯವಾಗುತ್ತಿರಲಿಲ್ಲ.

ಕುಳಿಯನ್ನು ಹೊಕ್ಕ ಯುರಾಸಿಲ್ಲಿಗೂ ಸಕ್ಕರೆಗೂ ಇರುವ ಬಂಧವನ್ನು ಕಿಣ್ವವು ಕಡಿಯುತ್ತದೆ. ಎಳೆಯು ಇನ್ನೂ ತುಂಡಾಗಿಲ್ಲ. ಅಕ್ಷರವೊಂದರ ಸ್ಥಳ ಮಾತ್ರ ಬರಿದಾಗಿದೆ. ಆ ಬರಿದಾದ ಸ್ಥಳದಲ್ಲಿ ಎಳೆಯನ್ನು ಕತ್ತರಿಸುವುದು ಎರಡನೆಯ ಕಿಣ್ವದ ಕೆಲಸ. ಪಾಲಿಮರೇಸ್ ಎದುರಿನ ಎಳೆಯ ಗ್ವಾನಿನ್ನನ್ನು ನೋಡಿ ಸೈಟೋಸಿನ್ನನ್ನು ತುಂಬುತ್ತದೆ, ಲೈಗೇಸ್ ಬೆಸೆಯುತ್ತದೆ. ಎದುರಿನ ಎಳೆಯೇ ಇಲ್ಲಿ ಶುದ್ಧಪ್ರತಿ.

ಈ ಕಿಣ್ವದ ಬಗ್ಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಉಮೇಶ ವಾರ್ಷ್ಣೇಯರು ದೀರ್ಘಕಾಲ ಸಂಶೋಧನೆ ನಡೆಸಿದ್ದಾರೆ. ಕ್ಷಯರೋಗಾಣುವಿನ ಡಿ.ಎನ್.ಎ.ಯಲ್ಲಿ ಗ್ವಾನಿನ್-ಸೈಟೋಸಿನ್‌ಗಳ ಪಾಲು ಶೇಕಡಾ 65 ಕ್ಕೂ ಮಿಗಿಲು; ಆದುದರಿಂದ ಸೈಟೋಸಿನ್ ಕೆಡುವ ಅವಕಾಶವೂ ಅಧಿಕ. ಅದರ ಬಂಧುವಾದ ಮೈಕೋಬ್ಯಾಕ್ಟೀರಿಯಮ್ ಸ್ಮೆಗ್ಮಾಟಿಸ್ ಎಂಬ ಜೀವಾಣುವಿನಲ್ಲಿ ಈ ಕಿಣ್ವವನ್ನು ಇಲ್ಲದಂತೆ ಮಾಡಿದರೆ ವಿಕೃತಿಗಳು ಹೆಚ್ಚುವುವೆಂದೂ, ಇಲಿಯ ಭಕ್ಷಕಕೋಶಗಳೊಳಗೆ ಅದು ತಾಳಿಕೊಳ್ಳುವ ಶಕ್ತಿ ಕುಗ್ಗುವುದೆಂದೂ ಅವರ ತಂಡ 2003 ರಲ್ಲಿ ಪ್ರಕಟಿಸಿತು. ಕ್ಷಯರೋಗಾಣುವಿನ ಕಿಣ್ವದ ರಚನೆಯನ್ನು ಎಂ. ವಿಜಯನ್ನರೊಡನೆ ಕೂಡಿ 2008 ರಲ್ಲಿ ವಿವರಿಸಿತು.

ನಮ್ಮನ್ನು ಕಾಯುವ ಈ ತಿದ್ದುಪಡಿಯೇ ನಮ್ಮ ಶತ್ರುವಾದ ರೋಗಾಣುವನ್ನೂ ಕಾಯುತ್ತದೆ. ರೋಗಾಣುವಿನ ಕಿಣ್ವವನ್ನು ತಡೆಯುವ ಔಷಧವನ್ನು ಅರಸುವವರು ಮಾನವನ ಕಿಣ್ವಕ್ಕೆ ಅದರಿಂದ ಬಾಧಕವಾಗದಂತೆ ನೋಡಿಕೊಳ್ಳಬೇಕು. ಎರಡು ಕಿಣ್ವಗಳ ರಚನೆಯಲ್ಲಿರುವ ಸೂಕ್ಷ್ಮ ವ್ಯತ್ಯಾಸಗಳನ್ನು ಅರಿಯುವುದರ ಪ್ರಯೋಜನವಿರುವುದು ಇಲ್ಲಿಯೇ.