ಗೀಸರ್‌ನೊಳಗಿನ ಕಲ್ಲು

ಬೆಂಗಳೂರಿನ ಪಣತ್ತೂರು ರಸ್ತೆ ಬದಿಯ ರಿಪೇರಿ ಅಂಗಡಿಯಲ್ಲಿ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಗೀಸರ್‌ಗಳು ಸಾಲಾಗಿ ಬಂದು ಕೂತಿವೆ. ಮೆಕ್ಯಾನಿಕ್ ಒಂದರ ಬುಡದ ಬೋಲ್ಟ್ ಬಿಚ್ಚಿ ಕಾಯಿಲ್ ಎಳೆದರು. ಬರಲಿಲ್ಲ. ಅತ್ತಿತ್ತ ಅಲುಗಿಸಿ, ಸ್ಕ್ರೂಡ್ರೈವರ್‌ನಲ್ಲಿ ಮೀಟಿ, ಅಂತೂ ಹೊರಗೆ ತೆಗೆದಾಗ ಲೋಹವೇ ಕಾಣಲಿಲ್ಲ. ಬೆರಳು ದಪ್ಪದ ಬಿಳಿ ಕಲ್ಲು ಸುತ್ತಲೂ ಮೆತ್ತಿಕೊಂಡಿತ್ತು. ಟ್ಯಾಂಕ್ ಬೋರಲು ಹಾಕಿ ತಟ್ಟಿದರೆ ಚಕ್ಕೆ ಚಕ್ಕೆಯಾಗಿ ಸುರಿಯಿತು. ಒಂದನ್ನು ಕೈಗೆತ್ತಿಕೊಂಡು ನೋಡಿದೆ. ಕಾಯಿಲಿಗೆ ಅಂಟಿದ್ದ ಬದಿ ನುಣುಪು, ನೀರಿನ ಕಡೆಯದು ಒರಟು. ಮುರಿದರೆ ಅಂಚಿನಲ್ಲಿ ಬಿಳಿ, ಕಂದು, ಮತ್ತೆ ಬಿಳಿ ಎಂದು ತೆಳ್ಳನೆ ಗೆರೆಗಳು. ಟೀ ಜೊತೆ ತರಿಸಿದ್ದ ನಿಂಬೆಹೋಳನ್ನು ಅದರ ಮೇಲೆ ಹಿಂಡಿದರು. ಬುರಬುರನೆ ನೊರೆ ಎದ್ದಿತು. ಸುಣ್ಣದಕಲ್ಲಿನಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟ್ ಅದು.

"ಬೋರ್ ನೀರು ಸಾರ್. ಕಾವೇರಿ ಬರೋ ಮನೇಲಿ ಕಾಯಿಲ್ ಈ ಗತಿಗೆ ಬರಲ್ಲ" ಎಂದರು.

ಸಕ್ಕರೆ ಬಿಸಿನೀರಿನಲ್ಲಿ ಬೇಗ ಕರಗುತ್ತದೆ. ಈ ಕಲ್ಲಿನ ಸ್ವಭಾವ ಅದಕ್ಕೆ ತದ್ವಿರುದ್ಧ. ತಣ್ಣೀರಿನಲ್ಲಿ ಬೈಕಾರ್ಬೊನೇಟ್ ಆಗಿ ಕಣ್ಣಿಗೆ ಕಾಣದಂತೆ ಕರಗಿರುವ ಕ್ಯಾಲ್ಸಿಯಂ, ನೀರು ಕಾದಂತೆ ಕಾರ್ಬೊನೇಟ್ ಆಗಿ ಹೊರಬೀಳುತ್ತದೆ. ಎಲ್ಲಕ್ಕಿಂತ ಬಿಸಿಯಾದ ಜಾಗ ಕಾಯಿಲಿನ ಮೈ. ಮೊದಲು ಕೂರುವುದೂ ಅಲ್ಲೇ. ಒಮ್ಮೆ ಪದರ ಕಟ್ಟಿತೆಂದರೆ ಶಾಖ ನೀರಿಗೆ ಸರಾಗವಾಗಿ ದಾಟುವುದಿಲ್ಲ. ಒಳಗಿನ ತಂತಿ ಅತಿಯಾಗಿ ಕಾಯುತ್ತದೆ, ಕೊನೆಗೊಂದು ದಿನ ಹೊರಕವಚ ಸೀಳುತ್ತದೆ. ಆಗ ಬರೀ ಖರ್ಚಿನ ಮಾತಲ್ಲ. ಅರ್ಥಿಂಗ್ ಸರಿಯಿಲ್ಲದ ಬಚ್ಚಲಿನಲ್ಲಿ ಆ ಸೀಳು ನೀರಿಗೇ ಕರೆಂಟ್ ಹರಿಸಬಲ್ಲದು. ಗೀಸರ್ ಎಷ್ಟು ಹಳೆಯದು ಎಂದು ಕೇಳುವವರು ಅರ್ಥಿಂಗ್ ಯಾವಾಗ ನೋಡಿಸಿದಿರಿ ಎಂದೂ ಕೇಳಬೇಕು.

60 ಡಿಗ್ರಿ ದಾಟಿದ ಮೇಲಂತೂ ಕಲ್ಲು ಕಟ್ಟುವ ವೇಗ ಜೋರು. ಗೀಸರ್ ತಿರುಗಣಿಯನ್ನು 75ಕ್ಕೆ ಇಟ್ಟು, ಆಮೇಲೆ ಬಕೆಟ್‌ಗೆ ಅರ್ಧ ತಣ್ಣೀರು ಬೆರೆಸುವುದು ನಮ್ಮ ಬಹುತೇಕ ಮನೆಗಳ ರೂಢಿ. ಸ್ನಾನಕ್ಕೆ 60 ಧಾರಾಳ ಸಾಕು. ಕಾಸು ಖರ್ಚಿಲ್ಲದ ಈ ಒಂದು ಕೆಲಸ ಕಾಯಿಲಿನ ಆಯಸ್ಸನ್ನು ಹೆಚ್ಚಿಸುತ್ತದೆ. ಟ್ಯಾಂಕ್ ತುಕ್ಕು ಹಿಡಿಯದಂತೆ ತಾನೇ ಸವೆಯುವ ಮೆಗ್ನೀಸಿಯಂ ಕಡ್ಡಿಯೊಂದು ಒಳಗಿರುತ್ತದೆ. ಇಂದು ಬಿಚ್ಚಿದ ಗೀಸರ್‌ನಲ್ಲಿ ಅದರ ಕಂಬಿ ಮಾತ್ರ ಉಳಿದಿತ್ತು. ಅಂಗಡಿಯ ಹಿಂಬದಿಯಲ್ಲಿ ಸೋಲಾರ್ ಹೀಟರ್‌ನ ತಾಮ್ರದ ಪ್ಯಾನಲ್‌ಗಳು ಒರಗಿವೆ. ಅವುಗಳ ಸಣ್ಣ ಕೊಳವೆಗಳು ಒಳಗೇ ಕಟ್ಟಿಹೋಗಿವೆ. ಬೋರ್ ನೀರಿನ ಮನೆಗೆ ಗಾಜಿನ ಟ್ಯೂಬಿನದ್ದೇ ವಾಸಿ ಎಂಬುದು ಇಲ್ಲಿನವರ ಅನುಭವ.

ಗೀಸರ್ ಬಂದ ಅಪಾರ್ಟ್‌ಮೆಂಟ್ ಹತ್ತಿರದಲ್ಲೇ ಇದೆ. ಮನೆಯಾಕೆ ಯುಟಿಲಿಟಿಗೆ ಕರೆದೊಯ್ದು ವಾಷಿಂಗ್ ಮೆಷಿನ್‌ಗೆ ನೀರು ಬರುವ ಪೈಪ್ ಬಿಚ್ಚಿ ತೋರಿಸಿದರು. ಬಾಯಲ್ಲಿರುವ ಪುಟ್ಟ ಜಾಲರಿಯ ಕಣ್ಣುಗಳೆಲ್ಲ ಬೆಳ್ಳಗೆ ಮುಚ್ಚಿಹೋಗಿವೆ. ಹಗ್ಗದ ಮೇಲಿನ ಟವೆಲ್ ಮಡಚಿದರೆ ಸೆಟೆದು ನಿಲ್ಲುತ್ತದೆ. ಸೋಪು ಈ ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ನೊರೆ ಕೊಡುವ ಬದಲು ಜಿಗುಟು ಕೊಳೆಯಾಗಿ ಬಟ್ಟೆಗೇ ಮೆತ್ತುತ್ತದೆ. ನೊರೆ ಬರಲಿಲ್ಲವೆಂದು ಇನ್ನಷ್ಟು ಪುಡಿ ಸುರಿಯುತ್ತೇವೆ. "ಕಾವೇರಿ ನೀರು ಬಂದ ದಿನ ಗೊತ್ತಾಗಿಬಿಡುತ್ತೆ. ಬೇಳೆ ಎರಡೇ ವಿಷಲ್‌ಗೆ ಬೇಯುತ್ತೆ" ಎಂದರು ಆಕೆ. ಆ ಮಾತಿನಲ್ಲಿ ರಸಾಯನಶಾಸ್ತ್ರವೇ ಇದೆ. ಬೇಳೆಯ ಪೆಕ್ಟಿನ್ ಅನ್ನು ಕ್ಯಾಲ್ಸಿಯಂ ಬಿಗಿಯಾಗಿಸುತ್ತದೆ, ಕಾಳು ಮೆತ್ತಗಾಗುವುದಿಲ್ಲ.

ನೆಲಮಾಳಿಗೆಯ ಸಂಪಿನ ಮೇಲೆ ಮೂರು ಪೈಪ್‌ಗಳ ಬಾಯಿ. ಒಂದು ಬೋರ್‌ವೆಲ್, ಒಂದು ಟ್ಯಾಂಕರ್, ಮತ್ತೊಂದು ಕಾವೇರಿ. ಕಾವೇರಿ ನೀರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಮೂರು ಹಂತಗಳಲ್ಲಿ ಮೇಲೇರಿ ಬರುವ ಹೊಳೆ ನೀರು. ಬೋರ್ ನೀರಾದರೋ ಗ್ನೈಸ್, ಗ್ರಾನೈಟ್ ಬಂಡೆಗಳ ಬಿರುಕುಗಳಲ್ಲಿ ಎಷ್ಟೋ ಕಾಲ ತಂಗಿ ಕಲ್ಲಿನ ಸಾರ ಹೀರಿಕೊಂಡದ್ದು. ಲಾಲ್‌ಬಾಗ್ ಗುಡ್ಡವಾಗಿ ಕಾಣುವ ಬಂಡೆಯ ನಂಟರೇ ಇಲ್ಲಿನ ನೆಲದಡಿಯಲ್ಲೂ ಇರುವುದು. ಕಾವೇರಿ ನೀರು ಸರಬರಾಜಿನ ಐದನೇ ಹಂತದ ಯೋಜನೆ 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾಯಿತು. ನಗರದ ಅಂಚಿನ 110 ಹಳ್ಳಿಗಳಿಗೆಂದು ದಿನಕ್ಕೆ 775 ದಶಲಕ್ಷ ಲೀಟರ್ ನೀರು ತರುವ ಯೋಜನೆ ಅದು. ಆದರೂ ಈ ಸಂಪಿನಲ್ಲಿ ಕಾವೇರಿಯ ಪಾಲು ಸಣ್ಣದೇ.

ಇಲ್ಲಿನ ನೀರಿನ ಪ್ಲಾಂಟ್ ನೋಡಿಕೊಳ್ಳುವ ಹುಡುಗ ಎರಡು ಗಾಜಿನ ನಳಿಕೆಗಳಲ್ಲಿ ನೀರು ಹಿಡಿದ. ಕಾವೇರಿಯದು ಒಂದರಲ್ಲಿ, ಬೋರ್‌ನದು ಇನ್ನೊಂದರಲ್ಲಿ. ಚಿಟಿಕೆ ಪುಡಿ ಹಾಕಿದೊಡನೆ ಎರಡೂ ದ್ರಾಕ್ಷಾರಸದ ಕೆಂಪಿಗೆ ತಿರುಗಿದವು. ಇಡಿಟಿಎ ಎಂಬ ರಾಸಾಯನಿಕದ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತ ಬಂದ. ಕಾವೇರಿ ನೀರು ಬೇಗನೆ ನೀಲಿಯಾಯಿತು. ಬೋರ್ ನೀರು ಕೆಂಪಾಗಿಯೇ ಉಳಿಯಿತು. ಹನಿ ಬಿದ್ದೇ ಬಿದ್ದವು, ಬಹಳ ಹೊತ್ತಿನ ಮೇಲೆ ನೀಲಿ ಇಣುಕಿತು. ಹೆಚ್ಚು ಹನಿ ಬೇಕಾದಷ್ಟೂ ನೀರಿನ ಗಡಸುತನ, ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಪ್ರಮಾಣ, ಹೆಚ್ಚು. ಮನೆಮನೆಗೆ ಬಂದು ಟಿಡಿಎಸ್ ಮೀಟರ್ ಅದ್ದಿ ಹೆದರಿಸುವವರ ಕೈಯಲ್ಲಿ ಈ ಪರೀಕ್ಷೆ ಇರುವುದಿಲ್ಲ. ಟಿಡಿಎಸ್ ಹೇಳುವುದು ಕರಗಿದ್ದೆಲ್ಲದರ ಅಂದಾಜನ್ನು, ಗಡಸುತನದ ಅಳತೆಯನ್ನಲ್ಲ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಸಿಗದಿದ್ದರೆ 600ರವರೆಗೂ ಒಪ್ಪಿಗೆ. ನೀರು 500ರದ್ದು ಎಂದು ಲೆಕ್ಕ ಹಾಕಿ. 12,000 ಲೀಟರ್‌ನ ಒಂದು ಟ್ಯಾಂಕರ್ ಜೊತೆ 6 ಕೆಜಿ ಕಲ್ಲಿನಷ್ಟು ಗಡಸು ಸಂಪಿಗೆ ಇಳಿಯುತ್ತದೆ.

ಪಕ್ಕದಲ್ಲೇ ಆಳೆತ್ತರದ ಸಾಫ್ಟ್‌ನರ್, ಅದರ ಬುಡದಲ್ಲಿ ಉಪ್ಪಿನ ಮೂಟೆಗಳು. ಒಳಗಿನ ರೆಸಿನ್ ಹರಳುಗಳು ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿಟ್ಟುಕೊಂಡು ಬದಲಿಗೆ ಸೋಡಿಯಂ ಬಿಟ್ಟುಕೊಡುತ್ತವೆ. ಹರಳು ತುಂಬಿದಾಗ ಉಪ್ಪುನೀರು ಹಾಯಿಸಿ ತೊಳೆಯಬೇಕು. ಗಡಸು ಹೋಗುತ್ತದೆ, ಉಪ್ಪು ಹೋಗುವುದಿಲ್ಲ: 500 ಮಿಲಿಗ್ರಾಂ ಗಡಸು ತೆಗೆದ ಪ್ರತಿ ಲೀಟರಿಗೆ 230 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ಇಲ್ಲಿ ಕಾರು ತೊಳೆಯುವ ನಲ್ಲಿಗೂ, ನೆಲ ಒರೆಸುವ ಬಕೆಟ್‌ಗೂ ಇದೇ ನೀರು. ನನಗೆ ಇದು ಒಪ್ಪುವುದಿಲ್ಲ. ಗಡಸು ಇಳಿಸಬೇಕಾದದ್ದು ಕಾಯುವ ನೀರಿಗೆ, ಬಟ್ಟೆ ಒಗೆಯುವ ನೀರಿಗೆ. ಅಲ್ಲೂ ಸೊನ್ನೆಗೆ ಇಳಿಸಬೇಕಿಲ್ಲ. ಬೈಪಾಸ್ ವಾಲ್ವ್ ತಿರುಗಿಸಿ ಸ್ವಲ್ಪ ಬೋರ್ ನೀರು ಬೆರೆಸಿದರೂ ಯಂತ್ರಗಳು ಬದುಕುತ್ತವೆ, ಉಪ್ಪಿನ ಮೂಟೆಯೂ ಉಳಿಯುತ್ತದೆ. ಆ ವಾಲ್ವ್ ಇಲ್ಲಿ ಪೂರ್ತಿ ಮುಚ್ಚಿತ್ತು.

ತೊಳೆದ ಉಪ್ಪುನೀರು ಎಲ್ಲಿಗೆ ಹೋಗುತ್ತದೆಂದು ಕೇಳಿದೆ. ಹುಡುಗ ನೆಲದ ಕಾಲುವೆ ತೋರಿಸಿದ. ಅದು ಆವರಣದ ಕೊಳಚೆ ನೀರು ಸಂಸ್ಕರಣಾ ಘಟಕವಾದ ಎಸ್‌ಟಿಪಿಗೆ, ಅಲ್ಲಿ ಮಿಕ್ಕಿದ್ದು ಒಳಚರಂಡಿಗೆ. ಎಸ್‌ಟಿಪಿ ಕೊಳೆಯನ್ನು ತಿನ್ನುತ್ತದೆಯೇ ಹೊರತು ಕರಗಿದ ಸೋಡಿಯಂ ತೆಗೆಯುವುದಿಲ್ಲ. ಈ ಭಾಗದ ಬೆಳ್ಳಂದೂರು, ಕಾಡುಬೀಸನಹಳ್ಳಿ ಕಡೆಯ ಒಳಚರಂಡಿ ನೀರು ಸಂಸ್ಕರಣೆಯಾದ ಮೇಲೆ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹೋಗುತ್ತದೆ. 2018ರಲ್ಲಿ ಮೊದಲು ತುಂಬಿದ್ದು ಲಕ್ಷ್ಮೀಸಾಗರ ಕೆರೆ. ಬತ್ತಿದ ಬೋರ್‌ವೆಲ್‌ಗಳಲ್ಲಿ ಮತ್ತೆ ನೀರೇಳಲಿ ಎಂದೇ ಆ ಕೆರೆಗಳನ್ನು ತುಂಬುತ್ತಿರುವುದು. ನಮ್ಮ ಟವೆಲ್ ಮೆತ್ತಗಾಗಲೆಂದು ಸುರಿದ ಉಪ್ಪು ಅಲ್ಲಿನ ತೋಟದ ಮಣ್ಣಿಗೂ ತಲುಪಬಲ್ಲದು. ಬೈಪಾಸ್ ವಾಲ್ವ್ ವಿಷಯವನ್ನು ನಿವಾಸಿಗಳ ಸಂಘದ ಮುಂದಿನ ಸಭೆಯಲ್ಲಿ ಎತ್ತುವುದಾಗಿ ಮನೆಯಾಕೆ ಹೇಳಿದ್ದಾರೆ.