ಪೊಟರೆಯ ಮರ ಮತ್ತು ತೋಟದ ಹಕ್ಕಿಗಳು

ಕುಯ್ಲಿನ ಗಡಿಬಿಡಿ ಮುಗಿದು, ಕಣದ ಚೆರ್ರಿಯೂ ಚೀಲಕ್ಕೆ ಸೇರಿ, ಹೂಮಳೆಗಾಗಿ ಆಕಾಶ ನೋಡುತ್ತ ಕುಳಿತಿರುವ ಈ ದಿನಗಳಲ್ಲಿ ಬೆಳೆಗಾರ ಬಂಧುಗಳಿಗೆ ಕೊಂಚ ಬಿಡುವು. ಗೊಬ್ಬರ, ಔಷಧಿ, ಧಾರಣೆಗಳ ವಿಚಾರ ಪ್ರತಿ ಸಂಚಿಕೆಯಲ್ಲೂ ಇದ್ದೇ ಇರುತ್ತದೆ. ಈ ಸಲ ಅವನ್ನು ಸ್ವಲ್ಪ ಬದಿಗಿಟ್ಟು, ಮೋಡ ಹುಡುಕುವ ಕಣ್ಣಿಗೆ ತಾನಾಗಿ ಬೀಳುವ ನಮ್ಮ ತೋಟದ ಹಕ್ಕಿಗಳ ಬಗ್ಗೆ ನಾಲ್ಕು ಮಾತು ಬರೆಯೋಣವೆನಿಸಿದೆ. ನಾವು ಪಕ್ಷಿಶಾಸ್ತ್ರ ಓದಿದವರಲ್ಲ. ಒಂದಿಷ್ಟು ಕಾಫಿ, ಹಳ್ಳದ ಬದಿಗೆ ಒಂದಿಷ್ಟು ಅಡಿಕೆ ಇಟ್ಟುಕೊಂಡು, ನಿಮ್ಮೆಲ್ಲರ ಹಾಗೆಯೇ ಮಳೆಗೂ ಧಾರಣೆಗೂ ಹೆದರುತ್ತ ಬದುಕುವವರು. ಆದರೆ ಕೆಲವು ವರ್ಷಗಳಿಂದ ಹಕ್ಕಿಗಳನ್ನು ನೋಡುವುದು ನಮ್ಮ ಮನೆಯ ದಿನಚರಿಯಲ್ಲಿ ಸೇರಿಹೋಗಿದೆ. ಅದು ಹೇಗೆ ಸೇರಿತು, ಅದರಿಂದ ನಮಗಾದ ಲಾಭವೇನು, ನಷ್ಟವೇನು ಎಂಬುದನ್ನು ಲೆಕ್ಕ ಒಪ್ಪಿಸಿದ ಹಾಗೆ ಹೇಳಿಬಿಡುತ್ತೇವೆ.

ಬಾಣಂತಿಯ ಮನೆ

ನಮ್ಮ ತೋಟದ ಮೇಲ್ಭಾಗದಲ್ಲಿ ಒಂದು ಹಳೆಯ ನಂದಿ ಮರವಿದೆ. ಅಜ್ಜನ ಕಾಲಕ್ಕೇ ಅದು ದೊಡ್ಡ ಮರವಾಗಿತ್ತಂತೆ. ಒಂದು ಪಕ್ಕದ ಕೊಂಬೆಗಳು ಒಣಗಿ, ಬೊಡ್ಡೆಯ ಮೇಲೆ ಎರಡಾಳೆತ್ತರದಲ್ಲಿ ಒಂದು ಪೊಟರೆ ಬಿದ್ದಿತ್ತು. ಬಿದ್ದರೆ ಕೆಳಗಿನ ರೊಬಸ್ಟಾ ಗಿಡಗಳಿಗೆ ಅಪಾಯ, ಕಡಿದರೆ ನಾಲ್ಕು ಕಾಸು. ಕಣಕ್ಕೆ ಸಿಮೆಂಟು ಹಾಕಿಸುವ ಕೆಲಸ ಬಹಳ ವರ್ಷದಿಂದ ಹಾಗೇ ಉಳಿದಿದ್ದುದರಿಂದ, ಪರವಾನಗಿಯ ಓಡಾಟವನ್ನೆಲ್ಲ ಮುಗಿಸಿ, ಮರದ ವ್ಯಾಪಾರಿಯಿಂದ ಮುಂಗಡವನ್ನೂ ತೆಗೆದುಕೊಂಡೆವು. ಕುಯ್ಲು ಮುಗಿದ ಕೂಡಲೇ, ಹೂವು ಬಿಡುವ ಮೊದಲೇ ಕಡಿಸುವುದೆಂದು ತೀರ್ಮಾನವಾಗಿತ್ತು.

ಕಡಿಯುವ ಮುಂಚೆ ಮೇಲಿನ ಕೊಂಬೆಗಳನ್ನು ಇಳಿಸಲು ಬಂದವರು, ನಮ್ಮಲ್ಲಿ ಮೂವತ್ತು ವರ್ಷದಿಂದ ಮರಗಸಿ ಮಾಡುತ್ತಿರುವ ಹಿರಿಯರು. ಅವರು ಮರದ ಬುಡದಲ್ಲಿ ನಿಂತು ಮೇಲೆ ನೋಡಿದರು. ಆಮೇಲೆ ನೆಲ ನೋಡಿದರು. ಬುಡದ ತುಂಬ ಅತ್ತಿ, ಬಸರಿಯ ಬೀಜಗಳು ಹಿಕ್ಕೆಯೊಡನೆ ಬಿದ್ದಿದ್ದವು. ಹಗ್ಗವನ್ನು ಹೆಗಲಿಂದ ಇಳಿಸಿ ಅವರೆಂದರು:

"ಅಯ್ಯಾ, ಇದು ಬಾಣಂತಿ ಇರೋ ಮನೆ. ಈಗ ಕೊಡಲಿ ಹಾಕೋದು ಬ್ಯಾಡ."

ಅಲ್ಲೇ ಒಂದು ಗಳಿಗೆ ಕಾಫಿ ಗಿಡದ ಮರೆಯಲ್ಲಿ ಕೂತೆವು. ಬೂದು ಬಣ್ಣದ, ಉದ್ದ ಕೊಕ್ಕಿನ ಮಂಗಟ್ಟೆ ಹಕ್ಕಿಯೊಂದು ಬಂದು ಪೊಟರೆಯ ಬಾಯಿಗೆ ಒರಗಿ ಕೂತಿತು. ಪೊಟರೆಯ ಬಾಯಿ ಮುಚ್ಚಿತ್ತು. ಒಂದು ಸೀಳಷ್ಟೇ ಉಳಿದಿತ್ತು. ಗಂಡು ಹಕ್ಕಿ ಗಂಟಲಿನಿಂದ ಒಂದೊಂದೇ ಹಣ್ಣನ್ನು ಕೊಕ್ಕಿನ ತುದಿಗೆ ತಂದು ಆ ಸೀಳಿನಲ್ಲಿ ಕೊಡುತ್ತಿತ್ತು, ಒಳಗಿನಿಂದ ಇನ್ನೊಂದು ಕೊಕ್ಕಿನ ತುದಿ ಅದನ್ನು ತೆಗೆದುಕೊಳ್ಳುತ್ತಿತ್ತು. ಐವತ್ತು ವರ್ಷ ಇದೇ ತೋಟದಲ್ಲಿ ಓಡಾಡಿದ್ದೇವೆ. ಮಂಗಟ್ಟೆಯ ಕಕ್ಕಕ್ಕ ನಗುವಿನಂಥ ಕೂಗನ್ನು ಸಾವಿರ ಸಲ ಕೇಳಿದ್ದೇವೆ. ಇದನ್ನು ಒಂದು ದಿನವೂ ನೋಡಿರಲಿಲ್ಲ.

ಆಮೇಲೆ ಪುಸ್ತಕ ನೋಡಿ ತಿಳಿದುಕೊಂಡದ್ದು ಇಷ್ಟು. ಈ ಬೂದು ಮಂಗಟ್ಟೆ ನಮ್ಮ ಪಶ್ಚಿಮ ಘಟ್ಟಗಳನ್ನು ಬಿಟ್ಟರೆ ಲೋಕದ ಬೇರೆಲ್ಲೂ ಇಲ್ಲ. ಜನವರಿಯಿಂದ ಮೇ ತಿಂಗಳವರೆಗೆ ಅದರ ಸಂಸಾರದ ಕಾಲ. ಹೆಣ್ಣು ಪೊಟರೆಯೊಳಗೆ ಸೇರಿ ಬಾಯನ್ನು ತನ್ನ ಹಿಕ್ಕೆಯಿಂದಲೇ ಗಾರೆ ಮೆತ್ತಿದಂತೆ ಮುಚ್ಚಿಕೊಳ್ಳುತ್ತದೆ. ಒಳಗಿರುವಾಗ ಅದರ ರೆಕ್ಕೆಯ ದೊಡ್ಡ ಗರಿಗಳೂ ಉದುರಿ ಹೊಸದಾಗಿ ಬರುತ್ತವೆ. ಸುಮಾರು ಮೂರು ತಿಂಗಳು ತಾಯಿಗೂ ಮರಿಗಳಿಗೂ ಗಂಡು ತಂದುಕೊಟ್ಟದ್ದೇ ಅನ್ನ. ಗಂಡಿಗೆ ಏನಾದರೂ ಆದರೆ ಒಳಗಿನವರ ಗತಿ ಮುಗಿದಂತೆಯೇ. ಇಷ್ಟು ದೊಡ್ಡ ಕೊಕ್ಕಿದ್ದರೂ ಮರ ಕೊರೆದು ಗೂಡು ಮಾಡುವ ಶಕ್ತಿ ಅದಕ್ಕಿಲ್ಲ. ಹಳೆಯ ಮರದಲ್ಲಿ ತಾನಾಗಿ ಬಿದ್ದ ಪೊಟರೆ ಸಿಕ್ಕರೆ ಉಂಟು, ಇಲ್ಲವಾದರೆ ಇಲ್ಲ.

ಮರ ಕಡಿಯುವುದನ್ನು ಮುಂದೂಡಿದೆವು. ಮೇ ತಿಂಗಳಲ್ಲಿ ಮರಿ ಹಾರಿಹೋಗುವ ಹೊತ್ತಿಗೆ ಗಿಡಗಳಲ್ಲಿ ಕಾಯಿ ಕಚ್ಚಿತ್ತು; ಆಗ ಕಡಿದರೆ ಫಸಲಿಗೆ ಪೆಟ್ಟು. ಹಾಗಾಗಿ ವ್ಯಾಪಾರಿಗೆ ಮುಂಗಡ ಹಿಂತಿರುಗಿಸಿದೆವು. ಅಮ್ಮ ಮಾತ್ರ "ಸರಿಯಾಯ್ತು ಬಿಡು" ಎಂದರು. ಉಳಿದವರು ನಕ್ಕರು.

ಲೆಕ್ಕದ ಇನ್ನೊಂದು ಬದಿ

ನಷ್ಟವನ್ನು ಮುಚ್ಚಿಡಬಾರದು. ಆ ವರ್ಷ ಕಣಕ್ಕೆ ಸಿಮೆಂಟು ಬೀಳಲಿಲ್ಲ. ಟಾರ್ಪಾಲಿನ ಮೇಲೆ ಒಣಗಿಸುತ್ತಿದ್ದಾಗ ಅಕಾಲದ ಮಳೆ ಬಂದು ಒಂದಷ್ಟು ಚೆರ್ರಿ ನೆನೆದು ಬಣ್ಣಗೆಟ್ಟಿತು. ಎರಡನೆಯ ವರ್ಷ ಆರಿದ್ರೆ ಮಳೆಯ ಗಾಳಿಗೆ ನಂದಿಯ ಒಣಕೊಂಬೆಯೊಂದು ಮುರಿದು ನಾಲ್ಕು ರೊಬಸ್ಟಾ ಗಿಡವನ್ನೂ ಎರಡು ಮೆಣಸಿನ ಬಳ್ಳಿಯನ್ನೂ ತೆಗೆಯಿತು. ಆಮೇಲೆ ಅದೇ ಹಿರಿಯರು ಹತ್ತಿ, ಒಣಗಿದ ಕೊಂಬೆಗಳನ್ನೆಲ್ಲ ಇಳಿಸಿ, ಪೊಟರೆಯಿರುವ ಬೊಡ್ಡೆಯನ್ನು ಮಾತ್ರ ಹಾಗೇ ಉಳಿಸಿದರು. ಆ ಕೆಲಸವನ್ನು ಮೊದಲೇ ಮಾಡಬಹುದಾಗಿತ್ತು. ಮರ ಇಡುವುದು ಅಥವಾ ಕಡಿಯುವುದು ಎಂಬ ಎರಡೇ ದಾರಿ ನಮ್ಮ ತಲೆಯಲ್ಲಿದ್ದುದರಿಂದ ಮೂರನೆಯದು ತೋಚಿರಲಿಲ್ಲ.

ಇನ್ನು ಲಾಭದ ಮಾತು. ಒಂದು ಮರದ ಮೇಲೆ ಕಣ್ಣಿಟ್ಟದ್ದರಿಂದ ಉಳಿದವೂ ಕಣ್ಣಿಗೆ ಬೀಳತೊಡಗಿದವು. ಬೆಳಕು ಹರಿಯುವ ಮುನ್ನ, ಹಂಡೆಗೆ ಬೆಂಕಿ ಹಾಕುವ ಹೊತ್ತಿಗೆ, ಮನೆಯ ಹಿಂದೆ ಮಡಿವಾಳ ಹಕ್ಕಿಯ ಸಿಳ್ಳು ಶುರು. ಬಿಸಿಲೇರಿದರೆ ಕುಟ್ರು ಹಕ್ಕಿ ಒಂದೇ ಸಮನೆ ಕುಟ್ರೂ ಕುಟ್ರೂ ಎನ್ನುತ್ತದೆ. ಹಸಿರೆಲೆಯಲ್ಲಿ ಹಸಿರು ಹಕ್ಕಿಯನ್ನು ಹುಡುಕಿ ತೋರಿಸಿದವರಿಗೆ ನಮ್ಮ ಮನೆಯಲ್ಲಿ ಒಂದು ಲೋಟ ಕಾಫಿ ಹೆಚ್ಚು. ತರಗೆಲೆ ಕೆದಕುತ್ತ ಗುಂಪುಗೂಡಿ ಬರುವ ಹರಟೆಮಲ್ಲಗಳು ಪಂಚಾಯ್ತಿ ಸೇರಿದಂತೆ ಗದ್ದಲ ಮಾಡುತ್ತವೆ. ಭೀಮರಾಜ ಬಾಲದ ಎರಡು ಎಳೆಗಳನ್ನು ಹಾರಿಸುತ್ತ ಬೇರೆ ಹಕ್ಕಿಗಳ ಕೂಗನ್ನು ಅಣಕಿಸುತ್ತದೆ. ಹಾಲುವಾಣ ಎಲೆಯುದುರಿಸಿ ಕೆಂಪಗೆ ಹೂಬಿಟ್ಟಾಗ ಸೂರಕ್ಕಿ, ಕಾಜಾಣ, ಗೊರವಂಕಗಳೆಲ್ಲ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತವೆ. ಜೂನ್ ತಿಂಗಳಲ್ಲಿ ಹಳ್ಳಕ್ಕೆ ನೀರು ಬಂತೆಂದರೆ ಸಿಳ್ಳಾರ ಹಾಡುತ್ತದೆ. ಅಡಿಕೆ ತೋಟಕ್ಕೆ ಬೋರ್ಡೋ ಹೊಡೆಸುವ ಚಿಂತೆಯಲ್ಲಿ ಕೊನೆಗಾರನ ದಾರಿ ಕಾಯುತ್ತ ನಿಂತಾಗ, ಪಡ್ಡೆ ಹುಡುಗನೊಬ್ಬ ರಾಗ ಮರೆತು ಸಿಳ್ಳೆ ಹಾಕಿದಂಥ ಆ ದನಿ ಕೇಳಿದರೆ, ಚಿಂತೆ ಹೋಗದಿದ್ದರೂ ಅರ್ಧಕ್ಕಿಳಿಯುತ್ತದೆ.

ದೂರದಿಂದ ಬರುವವರೂ ಇದ್ದಾರೆ. ಮಳೆಗಾಲ ಮುಗಿಯುವ ಹೊತ್ತಿಗೆ ಬೂದು ಸಿಪಿಲೆ ಹಿಮಾಲಯದ ಕಡೆಯಿಂದ ಬಂದು ಕಣದ ಅಂಚಿನಲ್ಲಿ ಬಾಲ ಕುಣಿಸುತ್ತ ಓಡಾಡುತ್ತದೆ. ಕಾಫಿ ಗಿಡದ ನೆರಳಿನಲ್ಲಿ, ಬಾಲವನ್ನು ಮೇಲೆ ಕೆಳಗೆ ಕುಣಿಸದೆ ಅಕ್ಕಪಕ್ಕಕ್ಕೆ ತೂಗುವ ಸಿಪಿಲೆಯೊಂದು ಕಂಡರೆ ಅದು ಕಾಡು ಸಿಪಿಲೆ. ಚೀನಾ, ಕೊರಿಯಾ, ಸೈಬೀರಿಯಾಗಳ ಕಡೆ ಮರಿ ಮಾಡಿ ಚಳಿಗಾಲಕ್ಕೆ ಇಲ್ಲಿಗೆ ಬರುತ್ತದೆ. ಮುಸ್ಸಂಜೆಯಲ್ಲಿ ಎರಡು ಸ್ವರದ ಸಿಳ್ಳು ಹಾಕುವ ನವರಂಗ, ಉತ್ತರ ಮತ್ತು ಮಧ್ಯ ಭಾರತದ ಕಾಡುಗಳಿಂದ ಬಂದ ನೆಂಟ. ನಮ್ಮ ಕಾಫಿ ಹಡಗು ಹತ್ತಿ ಹೊರದೇಶಕ್ಕೆ ಹೋಗುವ ಕಾಲಕ್ಕೆ, ಹೊರದೇಶದ ಹಕ್ಕಿ ನಮ್ಮ ಕಾಫಿ ಗಿಡದ ಬುಡದಲ್ಲಿ ಹುಳು ಹೆಕ್ಕುತ್ತಿರುತ್ತದೆ.

ನೆರಳು ಮತ್ತು ಸೊಪ್ಪಿನ ಬೆಟ್ಟ

ಇದು ಬರಿಯ ಮನಸ್ಸಂತೋಷದ ಮಾತೆಂದು ಯಾರಾದರೂ ಹೇಳಬಹುದು. ಬೆಳೆಗಾರನಿಗೆ ಸಂಬಂಧಪಟ್ಟ ಸಂಗತಿಗಳೂ ಇವೆ. ಚಿಕ್ಕಮಗಳೂರು, ಹಾಸನ, ಕೊಡಗಿನ ಕಾಫಿ ತೋಟಗಳಲ್ಲಿ 2013ರಿಂದ 2015ರವರೆಗೆ ಗಣತಿ ಮಾಡಿ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಕಾಡನ್ನೇ ನಂಬಿದ 79 ಜಾತಿಯ ಹಕ್ಕಿಗಳು ತೋಟಗಳಲ್ಲಿ ಕಂಡವು. ಅಡಿಕೆಯವರಿಗೂ ಹೆಮ್ಮೆಯ ವಿಷಯವಿದೆ. ಪಶ್ಚಿಮ ಘಟ್ಟದ ಹಳೆಯ ಅಡಿಕೆ ಸೀಮೆಯ ಬಗ್ಗೆ 2008ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ತೋಟವೂ ಸೊಪ್ಪಿನ ಬೆಟ್ಟವೂ ಕಾಡೂ ಒಂದಕ್ಕೊಂದು ಹೊಂದಿಕೊಂಡಿರುವ ಆ ನೆಲದಲ್ಲಿ ಸುತ್ತಲ ಕಾಡಿನ ಹಕ್ಕಿ ಜಾತಿಗಳ ಶೇಕಡಾ 90ರಷ್ಟು ಉಳಿದುಕೊಂಡಿವೆ. ಎರಡು ಸಾವಿರ ವರ್ಷಕ್ಕೂ ಹಿಂದಿನಿಂದ ಉತ್ತು ಬೆಳೆದ ನೆಲದಲ್ಲಿ ಇದು ಸಣ್ಣ ಮಾತಲ್ಲ. ಹಿರಿಯರು ಸೊಪ್ಪಿಗಾಗಿ ಬೆಟ್ಟ ಉಳಿಸಿದರು, ಅದರ ಆಶ್ರಯದಲ್ಲಿ ಹಕ್ಕಿಗಳೂ ಉಳಿದವು. ಬೆಟ್ಟ ಬೋಳಾದರೆ ತೋಟಕ್ಕೆ ಸೊಪ್ಪೂ ಇಲ್ಲ, ಹಳ್ಳಕ್ಕೆ ನೀರೂ ಇಲ್ಲ.

ಹಕ್ಕಿಗಳು ಪ್ರತಿಯಾಗಿ ಏನು ಕೊಡುತ್ತವೆ? ಕೋಸ್ಟರಿಕಾ ದೇಶದ ಕಾಫಿ ತೋಟಗಳಲ್ಲಿ ಕೆಲವು ಗಿಡಗಳಿಗೆ ಹಕ್ಕಿ ಬಾರದಂತೆ ಬಲೆ ಕಟ್ಟಿ ನೋಡಿದರು. 2013ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ, ಹಕ್ಕಿಗಳು ಓಡಾಡುವ ಗಿಡಗಳಲ್ಲಿ ಕಾಯಿಕೊರಕದ ಬಾಧೆ ಬಲೆ ಕಟ್ಟಿದ ಗಿಡಗಳಿಗಿಂತ ಸುಮಾರು ಅರ್ಧದಷ್ಟಿತ್ತು. ನಮ್ಮ ದೇಶದಲ್ಲಿ ಈ ಕಾಯಿಕೊರಕ 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಕಾಣಿಸಿಕೊಂಡಿತು. ಅಲ್ಲಿಯ ಹಕ್ಕಿಗಳು ಬೇರೆ, ಇಲ್ಲಿಯವು ಬೇರೆ. ಅಲ್ಲಿಯ ಅಂಕಿಯನ್ನು ಇಲ್ಲಿಗೆ ಹಾಗೇ ತಂದು ಹೇಳಲಾಗದು. ಮರಕುಟುಕ ಹುಳು ತೆಗೆಯುತ್ತದೆಂದು ನಂಬಿ, ಕಾಂಡಕೊರಕ ಹಿಡಿದ ಗಿಡ ಹುಡುಕಿ ಕಿತ್ತು ಸುಡುವ ಕೆಲಸವನ್ನು ಬಿಡುವುದೂ ಬೇಡ. ಆದರೆ ಸಂಬಳ ಕೇಳದೆ ದಿನವಿಡೀ ತೋಟ ಸುತ್ತುವ ಆಳುಗಳನ್ನು ಓಡಿಸುವುದು ಯಾವ ಜಾಣತನ?

ಓಡಿಸುತ್ತಿರುವುದು ನಾವೇ ಎಂಬುದನ್ನು ಒಪ್ಪಿಕೊಳ್ಳಬೇಕು. ಅತ್ತಿ, ಬಸರಿ, ಗೋಳಿ, ನೇರಳೆ, ಹಲಸುಗಳಿದ್ದ ಕಡೆ ಸಿಲ್ವರ್ ಓಕ್ ಸಾಲು ನಿಲ್ಲಿಸಿದ್ದೇವೆ. ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಒಳ್ಳೆಯ ಆಸರೆ, ಮಾರಲೂ ಸುಲಭ ಎಂಬುದೆಲ್ಲ ನಿಜ. ನಮ್ಮ ತೋಟದಲ್ಲೂ ಇದೆ. ಆದರೆ ಮಂಗಟ್ಟೆಗೆ ಅದರಲ್ಲಿ ಹಣ್ಣಿಲ್ಲ, ಪೊಟರೆಯಿಲ್ಲ. ಇರುವ ಸಿಲ್ವರನ್ನು ಕಿತ್ತು ಎಸೆಯಿರಿ ಎಂದು ನಾವು ಹೇಳುವುದಿಲ್ಲ. ಇರುವ ಅತ್ತಿ, ಬಸರಿಗಳನ್ನು ಉಳಿಸಿ, ಬಿದ್ದ ಮರದ ಜಾಗಕ್ಕೆ ಒಂದು ಕಾಡುಜಾತಿಯ ಸಸಿ ನೆಡಿ, ಪೊಟರೆಯಿರುವ ಮರಕ್ಕೆ ಕೈಯಿಡುವ ಮುಂಚೆ ಬುಡದ ನೆಲ ನೋಡಿ ಎನ್ನುತ್ತೇವೆ. ಕಂಬಚಿಗುರು ತೆಗೆಯುವಾಗ ಪಿಕಳಾರದ ಗೂಡು ಎದೆಮಟ್ಟದಲ್ಲೇ ಸಿಗುವುದುಂಟು. ನಮ್ಮ ಹೆಣ್ಣಾಳುಗಳು ಆ ಗಿಡಕ್ಕೆ ಒಂದು ಬಟ್ಟೆಚೂರು ಕಟ್ಟಿ ಮುಂದಿನ ಗಿಡಕ್ಕೆ ಹೋಗುತ್ತಾರೆ. ಹದಿನೈದು ದಿನ ಕಳೆದು ಚಿಗುರು ತೆಗೆದರೆ ಗಿಡವೇನೂ ಸಾಯುವುದಿಲ್ಲ.

ನೋಡುವುದು ಹೇಗೆ?

ಇದಕ್ಕೆ ಬೇಕಾದದ್ದು ಬಹಳ ಕಡಿಮೆ. ದುರ್ಬೀನು ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಬೆಳಿಗ್ಗೆ ಆಳುಗಳು ಬರುವ ಮುಂಚೆ ಹದಿನೈದು ನಿಮಿಷ, ಹಣ್ಣುಬಿಟ್ಟ ಅತ್ತಿ ಮರದ ಕೆಳಗೋ ಹಳ್ಳದ ದಂಡೆಯಲ್ಲೋ ಮಾತಾಡದೆ ಕೂರಬೇಕು. ಹುಡುಕುತ್ತ ತಿರುಗುವವನಿಗೆ ಹಕ್ಕಿಯ ಬೆನ್ನು ಮಾತ್ರ ಕಾಣುತ್ತದೆ. ಕೂತವನ ಎದುರಿಗೆ ಅದೇ ಬರುತ್ತದೆ. ಕಂಡದ್ದನ್ನು ತಾರೀಖು ಹಾಕಿ ಬರೆದಿಡಿ. ಮಳೆ ಅಳೆದು ಬರೆಯುವ ಪುಸ್ತಕ ಪ್ರತಿ ತೋಟದಲ್ಲೂ ಇರುತ್ತದಲ್ಲ, ಅದರ ಅಂಚಿನಲ್ಲೇ ಜಾಗವಿದೆ. ಹೆಸರು ಗೊತ್ತಿಲ್ಲದಿದ್ದರೆ ಮೂಡಿಗೆರೆಯ ಕಾಫಿ ತೋಟದಲ್ಲಿದ್ದುಕೊಂಡೇ ಹಕ್ಕಿಗಳ ಬೆನ್ನುಹತ್ತಿದ ಪೂರ್ಣಚಂದ್ರ ತೇಜಸ್ವಿಯವರು (1938–2007) ಕನ್ನಡದಲ್ಲೇ ಬರೆದುಕೊಟ್ಟ ಪುಸ್ತಕಗಳಿವೆ. ಈಗ ದನಿ ಕೇಳಿಸಿದರೆ ಹೆಸರು ಹೇಳುವ ಸೌಲಭ್ಯ ಮೊಬೈಲಿನಲ್ಲೂ ಬಂದಿದೆ; ಮಕ್ಕಳು ಅದನ್ನು ನಮಗಿಂತ ಬೇಗ ಕಲಿಯುತ್ತಾರೆ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಲೋಕದಾದ್ಯಂತ ಜನ ತಮ್ಮ ಹಿತ್ತಿಲ ಹಕ್ಕಿಗಳನ್ನು ಎಣಿಸಿ ಕಳಿಸುತ್ತಾರೆ. ನಮ್ಮ ತೋಟಗಳಿಂದಲೂ ಆ ಲೆಕ್ಕ ಹೋಗಬೇಕು.

ಹಕ್ಕಿಗಳೆಲ್ಲ ಸಾಧುಗಳೆಂದು ಹೇಳಿ ಯಾರನ್ನೂ ನಂಬಿಸುವುದು ಬೇಡ. ನವಿಲು ತರಕಾರಿ ಮಡಿ ಕೆದಕುತ್ತದೆ, ಗಿಳಿ ಭತ್ತದ ತೆನೆ ಕಡಿಯುತ್ತದೆ. ಅದನ್ನೂ ಪುಸ್ತಕದಲ್ಲಿ ಬರೆದಿಡೋಣ. ಸರಿಯಾದ ಲೆಕ್ಕವೆಂದರೆ ಜಮಾ, ಖರ್ಚು ಎರಡೂ ಇರಬೇಕು.

ನಂದಿ ಮರದ ವಿಷಯ ಮುಗಿಸಿಬಿಡುತ್ತೇವೆ. ಕೊಂಬೆ ಇಳಿಸಿದ ಮರುವರ್ಷ ಮಂಗಟ್ಟೆ ಬರಲಿಲ್ಲ. ಗಂಡು ಎರಡು ದಿನ ಬಂದು ಪೊಟರೆಯೊಳಗೆ ಇಣುಕಿ ಹಾರಿಹೋಯಿತು. ನೆರಳು ಬೋಳಾಯಿತೆಂದು ಬೇಸರಪಟ್ಟುಕೊಂಡಿರಬಹುದು ಎಂದರು ಮರಗಸಿಯ ಹಿರಿಯರು. ಅದರ ಮುಂದಿನ ಮಳೆಗಾಲದಲ್ಲಿ ಬೊಡ್ಡೆಯಿಂದ ಹೊಸ ಚಿಗುರು ಬಂದು ಪೊಟರೆಗೆ ಮರೆಯಾಯಿತು. ಈ ಸಲ ಜನವರಿ ಕೊನೆಯಲ್ಲಿ ಒಂದು ಜೋಡಿ ಬಂತು. ಈಗ ಪೊಟರೆಯ ಬಾಯಿ ಮುಚ್ಚಿದೆ. ಅಮ್ಮನಿಗೆ ಮೇಲಿನ ತೋಟದವರೆಗೆ ನಡೆಯಲು ಈಗ ಆಗುವುದಿಲ್ಲ. ಸಂಜೆ ನಾವು ಮನೆಗೆ ಬಂದಾಗ ಜಗಲಿಯಲ್ಲಿ ಕೂತವರು ಮೊದಲು ಕೇಳುವುದು, "ಬಾಣಂತಿಗೆ ಇವತ್ತು ಎಷ್ಟು ಸಲ ಊಟ ಬಂತು?" ಎಂದು. ಕಣಕ್ಕೆ ಸಿಮೆಂಟು ಇನ್ನೂ ಬಿದ್ದಿಲ್ಲ.

ಸದಸ್ಯ ಬಾಂಧವರು ತಮ್ಮ ತೋಟದಲ್ಲಿ ಕಂಡ ಹಕ್ಕಿಗಳನ್ನೂ ಪೊಟರೆಯಿರುವ ಹಳೆಯ ಮರಗಳನ್ನೂ ಪಟ್ಟಿಮಾಡಿ, ಮುಂದಿನ ಸಲ ಚೀಲ ತರುವಾಗ ಸಂಘದ ಕಚೇರಿಗೆ ತಲುಪಿಸಿದರೆ, ಎಲ್ಲವನ್ನೂ ಒಟ್ಟುಗೂಡಿಸಿ ಇದೇ ಪುಟಗಳಲ್ಲಿ ಪ್ರಕಟಿಸಬಹುದು. ಹೆಸರು ಗೊತ್ತಿಲ್ಲದ ಹಕ್ಕಿಯಾದರೆ ಬಣ್ಣ, ಗಾತ್ರ, ಕೂಗು ಬರೆದರೂ ಸಾಕು. ಯಾರಾದರೊಬ್ಬ ಸದಸ್ಯರಿಗೆ ಗೊತ್ತಿದ್ದೇ ಇರುತ್ತದೆ.